ಮಗು ಹೇಳಲಿ, ನೀವು ಕಾರಕೂನರಾಗಿ

ಎರಡು ತ್ರಿಕೋನದ ಗುಡ್ಡ, ನಡುವೆ ಅರ್ಧ ಸೂರ್ಯ, ಕೆಳಗೊಂದು ಹೊಳೆ, ದಂಡೆಯಲ್ಲಿ ಹಂಚಿನ ಮನೆ, ಪಕ್ಕಕ್ಕೆ ತೆಂಗಿನ ಮರ. ಶಾಲೆಗೆ ಹೋಗುವ ಮಗುವಿನ ಕೈಗೆ ಹಾಳೆ ಕೊಟ್ಟು 'ಏನರ ಚಿತ್ರ ತಗೀಪಾ' ಅಂದರೆ ಹೆಚ್ಚಾಗಿ ಬರುವುದು ಇದೇ. ಗದಗಿನ ಮಗು ಕಪ್ಪತಗುಡ್ಡ ಕಂಡಿರುತ್ತದೆ. ಅದು ತ್ರಿಕೋನವಲ್ಲ, ಉದ್ದಕ್ಕೆ ಚಾಚಿಕೊಂಡ ಸಾಲು. ಆ ಸೀಮೆಯಲ್ಲಿ ಗಾಳಿಯಂತ್ರಗಳು ಬೇರೆ ತಿರುಗುತ್ತಿರುತ್ತವೆ. ಹುಬ್ಬಳ್ಳಿಯ ಮಗು ದಿನಾ ಚಿಗರಿ ಬಸ್ಸು ನೋಡುತ್ತದೆ. ಬ್ಯಾಡಗಿಯ ಮಗುವಿಗೆ ಮೆಣಸಿನಕಾಯಿ ರಾಶಿಯ ಘಾಟು ಗೊತ್ತು. ಇದರಲ್ಲಿ ಒಂದೂ ಹಾಳೆಗೆ ಇಳಿಯುವುದಿಲ್ಲ, ಯಾಕೆಂದರೆ 'ಸರಿಯಾದ ಚಿತ್ರ' ಯಾವುದೆಂದು ದೊಡ್ಡವರು ಆಗಲೇ ಹೇಳಿಕೊಟ್ಟು ಮುಗಿಸಿರುತ್ತಾರೆ. ಬರವಣಿಗೆಯ ಗತಿಯೂ ಅಷ್ಟೇ. ಮನೆಯಲ್ಲಿ ಎಮ್ಮೆ ಒದ್ದ ಕತೆಯನ್ನು ಕೈಕಾಲು ಆಡಿಸಿಕೊಂಡು ಹೇಳುವ ಹುಡುಗಿ, ಪಾಟಿ ಹಿಡಿದ ಕೂಡಲೇ 'ಎಮ್ಮೆ ಒಂದು ಸಾಕುಪ್ರಾಣಿ' ಎಂದು ಬರೆದು ಸುಮ್ಮನಾಗುತ್ತಾಳೆ.

ಇದನ್ನು ಮನೆಯಲ್ಲೇ ಸಡಿಲಿಸಬಹುದು. ಅದಕ್ಕೆ ತಂದೆ-ತಾಯಿಗೆ ಚಿತ್ರಕಲೆ ಬರಬೇಕಿಲ್ಲ, ಸಾಹಿತ್ಯವೂ ಬೇಕಿಲ್ಲ. ಮೇಷ್ಟರ ಕೆಲಸ ಬಿಟ್ಟು ಕಾರಕೂನನ ಕೆಲಸ ಹಿಡಿದರೆ ಸಾಕು: ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳುವುದು, ನಡುವೆ ತನ್ನದೊಂದು ಮಾತು ಸೇರಿಸದಿರುವುದು.

ಮೊದಲು ಸಾಮಾನು: ಕೈಗೆ ಸಿಗುವ ಹಾಗಿರಲಿ

ದುಬಾರಿ ಬಣ್ಣದ ಡಬ್ಬಿ ತಂದು 'ಹಾಳ ಮಾಡಬ್ಯಾಡ' ಎಂದು ಟ್ರೆಜರಿ ಕಪಾಟಿನಲ್ಲಿ ಇಡುವುದಕ್ಕಿಂತ ತರದೇ ಇರುವುದು ಮೇಲು. ಮಗು ತಾನೇ ಹೋಗಿ ತೆಗೆದುಕೊಳ್ಳುವ ಎತ್ತರದಲ್ಲಿ ಒಂದು ರಟ್ಟಿನ ಡಬ್ಬಿ ಇಡಿ. ಒಳಗೆ ಹಾಳೆ, ಪೆನ್ಸಿಲ್, ಬಣ್ಣ. ಹಾಳೆಗೆ ರೊಕ್ಕ ಖರ್ಚು ಮಾಡಬೇಡಿ. ತಿಂಗಳು ಮುಗಿದ ಕ್ಯಾಲೆಂಡರಿನ ಹಿಂಬದಿ, ಮನೆಗೆ ಬಂದು ಬೀಳುವ ಲಗ್ನಪತ್ರಿಕೆಗಳ ಒಳಬದಿ, ಝೆರಾಕ್ಸ್ ಅಂಗಡಿಯಲ್ಲಿ ಒಂದೇ ಬದಿ ಅಚ್ಚಾಗಿ ಕೆಟ್ಟುಹೋದ ಹಾಳೆಗಳು, ಇವೇ ಬೇಕಾದಷ್ಟಾಗುತ್ತವೆ. ಹಾಳೆ ಪುಕ್ಕಟೆಯಾದರೆ ಮಗುವಿಗೆ ಕೆಡಿಸುವ ಹೆದರಿಕೆ ಇರುವುದಿಲ್ಲ. ಇಲ್ಲಿ ಬೇಕಾದದ್ದು ಆ ಧೈರ್ಯವೇ.

ಮೂರು ವರ್ಷದೊಳಗಿನವರಿಗೆ ದಪ್ಪ ಮೇಣದ ಬಣ್ಣದ ಕಡ್ಡಿ ಒಳ್ಳೆಯದು, ಮುಷ್ಟಿಯಲ್ಲಿ ಹಿಡಿದು ಗೀಚಿದರೂ ಮುರಿಯುವುದಿಲ್ಲ. ದೊಡ್ಡ ಮಕ್ಕಳಿಗೆ ಎಚ್‌ಬಿ ಪೆನ್ಸಿಲ್ಲಿಗಿಂತ 2ಬಿ ಕೊಡಿ. ಮೆತ್ತಗಿರುತ್ತದೆ, ಕಪ್ಪಾಗಿ ಮೂಡುತ್ತದೆ, ಒತ್ತಿ ಒತ್ತಿ ಬೆರಳು ನೋಯುವುದಿಲ್ಲ. ನೆಲಕ್ಕೆ ಶಹಾಬಾದಿ ಪರಸಿ ಇರುವ ಮನೆಯವರು ಪುಣ್ಯವಂತರು: ಒಂದು ಖಡು (ಸೀಮೆಸುಣ್ಣ) ಕೊಟ್ಟು ಪಡಸಾಲೆ ಬಿಟ್ಟುಕೊಟ್ಟರೆ ಆಯಿತು, ಸಂಜೆ ಒದ್ದೆ ಅರಿವೆಯಿಂದ ಒರೆಸಿದರೆ ಮುಗಿಯಿತು. ಒಂದು ವಸ್ತುವನ್ನು ಮಾತ್ರ ಡಬ್ಬಿಯಿಂದ ತೆಗೆದಿಡಿ, ರಬ್ಬರು. ರಬ್ಬರು ಇರುವ ಕಡೆ ಮಗು ಅರ್ಧ ಹೊತ್ತು ಅಳಿಸುವುದರಲ್ಲೇ ಕಳೆಯುತ್ತದೆ.

ಬಣ್ಣವನ್ನು ಅಡುಗೆಮನೆಯಲ್ಲೂ ಮಾಡಬಹುದು. ಬೀಟ್‌ರೂಟ್ ತುರಿದು ಹಿಂಡಿದ ರಸ, ಪಾಲಕದ ರಸ, ನೀರಲ್ಲಿ ಕಲಸಿದ ಅರಿಷಿಣ. ಅರಿಷಿಣದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಗಾಗುತ್ತದೆ. ಆರತಿಯ ಓಕುಳಿ ಮಾಡುವ ಕ್ರಮ ಇದೇ, ಅರಿಷಿಣದೊಳಗಿನ ಬಣ್ಣ ಕ್ಷಾರಕ್ಕೆ ಕೆಂಪಾಗುವುದು ಅದರ ಗುಣ. ಮಗುವಿಗೆ ಇದೊಂದು ಜಾದೂ. ಸುಣ್ಣ ಕಣ್ಣಿಗೆ ಹೋದರೆ ಅಪಾಯ, ಆದ್ದರಿಂದ ಕಲಸುವ ಕೆಲಸ ದೊಡ್ಡವರದು, ನೋಡುವುದಷ್ಟೇ ಮಗುವಿನದು.

ಬೆರಳು ಪಳಗಲಿ

ಅಕ್ಷರ ಬರೆಯುವ ಮೊದಲು ಬೆರಳಿಗೆ ಬಲ ಬೇಕು. ನಮ್ಮ ಕಡೆ ಇದಕ್ಕೆ ಹಬ್ಬಗಳೇ ಇದ್ದವು. ಕಾರಹುಣ್ಣಿಮೆ ಮುಗಿದು ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಎತ್ತು, ಗೋದಲಿ ಎಲ್ಲ ಮಕ್ಕಳ ಕೈಯಲ್ಲೇ ಆಗುತ್ತಿದ್ದವು; ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವನ ಗೊಂಬೆ. ಈಗ ಬಣ್ಣ ಬಳಿದ ಜೋಡೆತ್ತು ಪೇಟೆಯಿಂದ ಬರುತ್ತದೆ. ಬರಲಿ, ಪೂಜೆಗೆ ಅದೇ ಇರಲಿ. ಜೊತೆಗೆ ಕುಂಬಾರರ ಹತ್ತಿರ ಒಂದು ಮುದ್ದೆ ಹಸಿಮಣ್ಣು ಕೇಳಿ ತನ್ನಿ. ಮಗು ಮಾಡಿದ ಎತ್ತಿಗೆ ಮೂರೇ ಕಾಲಿದ್ದರೆ ಅದನ್ನೂ ಗೋಡೆಯ ಮಾಡದಲ್ಲಿ ಇಡಿ. ವರ್ಷದ ಉಳಿದ ದಿನಗಳಲ್ಲಿ ಚಪಾತಿ ಹಿಟ್ಟಿನ ಉಂಡೆ, ಬಾಗಿಲ ಮುಂದಿನ ರಂಗೋಲಿಯ ಚುಕ್ಕಿ ಇದ್ದೇ ಇವೆ.

ಗೀಚುವುದೂ ಚಿತ್ರವೇ

ಒಂದೂವರೆ ವರ್ಷದ ಸುಮಾರಿಗೆ ಮಕ್ಕಳು ಗೀಚಲು ಶುರು ಮಾಡುತ್ತಾರೆ. ಮೂರರ ಹೊತ್ತಿಗೆ ಗೆರೆ ಸುತ್ತಿ ಬಂದು ವೃತ್ತ ಕೂಡುತ್ತದೆ. ಆಮೇಲೆ ಆ ವೃತ್ತಕ್ಕೆ ಎರಡು ಕಣ್ಣು, ಕೆಳಗೆ ನೇರ ಎರಡು ಕಾಲು. ಹೊಟ್ಟೆ ಇಲ್ಲ, ಕುತ್ತಿಗೆ ಇಲ್ಲ. ಜಗತ್ತಿನ ಎಷ್ಟೋ ಕಡೆಯ ಮಕ್ಕಳು ಮನುಷ್ಯನನ್ನು ಮೊದಲು ತೆಗೆಯುವುದು ಹೀಗೆಯೇ. ಐದಾರು ವರ್ಷಕ್ಕೆ ಹಾಳೆಯ ಕೆಳಗೊಂದು ನೆಲದ ಗೆರೆ, ಮೇಲೊಂದು ಆಕಾಶದ ಪಟ್ಟಿ ಬರುತ್ತದೆ. ಗೋಡೆ ಇದ್ದರೂ ಮನೆಯೊಳಗಿನ ಅಜ್ಜಿ, ಒಲೆ, ಬೆಕ್ಕು ಎಲ್ಲ ಕಾಣುತ್ತವೆ. ಯಾರು ಮುಖ್ಯವೋ ಅವರು ದೊಡ್ಡವರು, ಬಾಗಿಲಿಗಿಂತ ಎತ್ತರ.

ಈ ಹಂತಗಳನ್ನು ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಕಲಾಶಿಕ್ಷಣ ತಜ್ಞ 1947ರಲ್ಲಿ ಪುಸ್ತಕವಾಗಿಯೇ ವಿವರಿಸಿದ್ದಾನೆ. ಬಣ್ಣ ತುಂಬುವ ಪುಸ್ತಕಗಳ ಮೇಲೆ ಅವನಿಗೆ ಸಿಟ್ಟಿತ್ತು. ನನಗೂ ಇದೆ. ಬೇರೆಯವರು ತೆಗೆದ ನವಿಲಿನೊಳಗೆ ಗೆರೆ ದಾಟದೆ ನೀಲಿ ತುಂಬುವುದರಲ್ಲಿ ಮಗು ತನ್ನದೇನನ್ನೂ ಹೇಳುವುದಿಲ್ಲ. ರೈಲಿನಲ್ಲಿ ಹೊತ್ತು ಕಳೆಯಲು ಆಗಬಹುದು, ಅಷ್ಟೇ.

ಹೊಟ್ಟೆಯಿಲ್ಲದ ಮನುಷ್ಯನನ್ನು ತಿದ್ದಲು ಹೋಗಬೇಡಿ. ಅವನ ಹೊಟ್ಟೆ ತಾನಾಗಿ ಬರುತ್ತದೆ.

ಏನು ಕೇಳಬೇಕು, ಏನು ಕೇಳಬಾರದು

ಇಡೀ ಕೆಲಸ ಕೆಡುವುದು ಈ ಹೆಜ್ಜೆಯಲ್ಲಿ. ಮಗು ಚಿತ್ರ ತಂದು ತೋರಿಸಿದಾಗ ನಾವು ಕೇಳುವ ಮೊದಲ ಪ್ರಶ್ನೆ 'ಇದೇನೋ ಇದು?' ಮಗುವಿಗೆ ಅದು ಕೇಳುವುದು 'ಏನೂ ತಿಳಿಯವಲ್ಲದು' ಎಂದೇ. ಇನ್ನು ಕೆಲವರು 'ಆನಿ ಕೆಂಪ ಇರತೈತೇನು?' ಅನ್ನುತ್ತಾರೆ. ಎಲ್ಲದಕ್ಕೂ 'ಭಾರಿ ಚಂದ, ಭಾರಿ ಚಂದ' ಅನ್ನುವವರೂ ಇದ್ದಾರೆ. ನೋಡದೇ ಹೊಗಳಿದ್ದು ಮಕ್ಕಳಿಗೆ ಬೇಗ ಗೊತ್ತಾಗುತ್ತದೆ.

ಬದಲಿಗೆ ಕೈಯಲ್ಲಿನ ಕೆಲಸ ಬಿಟ್ಟು ಪಕ್ಕದಲ್ಲಿ ಕೂತು, 'ಇದರಾಗ ಏನೇನ ನಡದೈತಿ, ನನಗ ಹೇಳು' ಅನ್ನಿ. ಹೇಳುತ್ತಾ ಹೋದ ಹಾಗೆ 'ಇವ ಯಾಕ ಇಷ್ಟ ದೊಡ್ಡಾವ ಆಗ್ಯಾನ?', 'ಆಮ್ಯಾಲೆ ಏನಾತು?' ಹೊಗಳಲೇಬೇಕೆಂದರೆ ಕಂಡದ್ದನ್ನು ಹೇಳಿ: 'ಬಸ್ಸಿನ ಕಿಡಕಿಗೆ ಎಲ್ಲಾ ಬ್ಯಾರೆ ಬ್ಯಾರೆ ಮಾರಿ ಹಾಕೀ ಅಲ್ಲ.' ಮಗು ಸುಮ್ಮನಿದ್ದರೆ ಒತ್ತಾಯ ಬೇಡ. ಎಲ್ಲ ಚಿತ್ರಕ್ಕೂ ಕತೆ ಇರಲೇಬೇಕೆಂದಿಲ್ಲ, ಕೆಲವಕ್ಕೆ ಬಣ್ಣವೇ ಸಾಕು.

ಈಗ ಕಾರಕೂನಿಕೆ

ಮಗು ಹೇಳಿದ್ದರಲ್ಲಿ ಒಂದೆರಡು ವಾಕ್ಯ ಚಿತ್ರದ ಕೆಳಗೆ ಬರೆಯಿರಿ. ಮಗು ನೋಡುತ್ತಿರುವಾಗ, ನಿಧಾನವಾಗಿ, ದೊಡ್ಡ ಅಕ್ಷರದಲ್ಲಿ. ಬರೆದ ಮೇಲೆ ಅಕ್ಷರದ ಕೆಳಗೆ ಬೆರಳಾಡಿಸುತ್ತಾ ಓದಿ ತೋರಿಸಿ. ಬಾಯಿಂದ ಬಂದ ಮಾತು ಹಾಳೆಯ ಮೇಲೆ ನಿಲ್ಲುತ್ತದೆ, ನಾಳೆ ಓದಿದರೂ ಅದೇ ಮಾತು ಬರುತ್ತದೆ ಎಂಬುದು ಮಗುವಿಗೆ ಹೊಸ ವಿಷಯ. ಬರವಣಿಗೆ ಯಾಕೆ ಬೇಕು ಎಂಬುದಕ್ಕೆ ಬೇರೆ ಪಾಠ ಬೇಕಾಗುವುದಿಲ್ಲ.

ಇಲ್ಲೊಂದು ಕಟ್ಟುನಿಟ್ಟು. ಮಗುವಿನ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಬೇಡಿ. ಬ್ಯಾಡಗಿಯ ಕಡೆಯ ಮಗುವೊಂದು ಹೀಗೆ ಹೇಳಿತು ಎಂದುಕೊಳ್ಳಿ: 'ಆಯಿ ಮೆಣಸಿನಕಾಯಿ ತುಂಬ ಬಿಡಸಾಕತ್ತಾಳ. ಬೆಕ್ಕಿಗೆ ಸೀನ ಬಂತು. ನಾ ನಕ್ಕೆ. ಆಯಿ ಬೈದ್ಲು.' ಇದನ್ನು ನೀವು 'ಅಜ್ಜಿಯು ಮೆಣಸಿನಕಾಯಿಯ ತೊಟ್ಟನ್ನು ಬಿಡಿಸುತ್ತಿದ್ದಾಳೆ' ಎಂದು ಬರೆದರೆ ಮಗು ಓದುವಾಗ ತನ್ನ ಮಾತು ಸಿಗದೆ ತಡಕಾಡುತ್ತದೆ. ಬೆಕ್ಕಿನ ಸೀನಂತೂ ಹಾರಿಯೇ ಹೋಯಿತು. ನಮ್ಮ ಭಾಗದ ಎಷ್ಟೋ ಮಕ್ಕಳು ಹಾಳೆಯ ಮೇಲೆ ಮೂಕರಾಗುವುದು ಹೇಳಲು ಏನೂ ಇಲ್ಲದ್ದಕ್ಕಲ್ಲ, 'ಐತಿ' ಎಂದು ಯೋಚಿಸಿ 'ಇದೆ' ಎಂದು ಬರೆಯಬೇಕಾದ್ದಕ್ಕೆ ಎಂಬುದು ನನ್ನ ಖಾತ್ರಿ. ಶಾಲೆಯ ಕನ್ನಡ ಬೇಕು, ಅದನ್ನು ಶಾಲೆ ಕಲಿಸುತ್ತದೆ. ಮನೆಯ ಡಬ್ಬಿಯ ಹಾಳೆಗಳಲ್ಲಿ ಮನೆಯ ಮಾತೇ ಇರಲಿ. ಅದು ಕೀಳಲ್ಲವೇ ಎಂದು ಅನುಮಾನವಿದ್ದವರು ಒಮ್ಮೆ ಸಾಧನಕೇರಿಗೆ ಹೋಗಿ ಬನ್ನಿ: ಬೇಂದ್ರೆಯವರು ಅಲ್ಲಿ ಕೂತು ಇದೇ ಧಾರವಾಡದ ಆಡುಮಾತನ್ನು ಕವಿತೆಗೆ ತಂದರು, 1973ರ ಜ್ಞಾನಪೀಠವೂ ಬಂತು. ಮನೆಯಲ್ಲಿ ಉರ್ದು, ಕೊಂಕಣಿ, ಲಂಬಾಣಿ ಮಾತಾಡುವವರು ಆ ಮಾತನ್ನೇ ಕನ್ನಡ ಲಿಪಿಯಲ್ಲಿ ಬರೆದುಕೊಡಬಹುದು.

ಕೆಲವು ವಾರ ಹೀಗೆ ನಡೆದ ಮೇಲೆ ಪೆನ್ಸಿಲ್ಲು ಸ್ವಲ್ಪ ಸ್ವಲ್ಪವೇ ಮಗುವಿನ ಕಡೆ ಸರಿಯಲಿ. ಮೊದಲು ತನ್ನ ಹೆಸರು. ಆಮೇಲೆ ಚಿತ್ರದಲ್ಲಿನ ವಸ್ತುಗಳ ಹೆಸರು: ಆಯಿ, ಬೆಕ್ಕು. ಆಮೇಲೆ ವಾಕ್ಯದ ಕೊನೆಯ ಪದ ನೀವು ಬಿಟ್ಟು ಮಗು ತುಂಬುವುದು. ಆಮೇಲೆ ಒಂದಿಡೀ ವಾಕ್ಯ. 'ಬೆಕ್ಕು' ಹೋಗಿ 'ಬೆಕು' ಆಗುತ್ತದೆ. ಒತ್ತಕ್ಷರ, ದೀರ್ಘ, ಮಹಾಪ್ರಾಣ ತಪ್ಪುತ್ತವೆ. ಏಳು ವರ್ಷದ ತನಕ ಅಕ್ಷರ ತಿರುವುಮುರುವಾಗುವುದೂ ಇದೆ. ಓದಲು ಆಗುತ್ತದೆಯೇ? ಹಾಗಾದರೆ ಬಿಡಿ. ಕೆಂಪು ಪೆನ್ನಿಗೆ ಮನೆಯಲ್ಲಿ ಕೆಲಸವಿಲ್ಲ. ಬೇರೆಯವರಿಗೆ ಕಳಿಸುವ ಪತ್ರವೋ ಗೋಡೆಗೆ ಹಚ್ಚುವ ಹಾಳೆಯೋ ಆದಾಗ ಮಾತ್ರ, 'ಜೋರಾಗಿ ಓದು, ಎಲ್ಲೆರ ಎಡವತಿ ಏನ ನೋಡು' ಎಂದು ಹೇಳಿ ಒಂದೆರಡು ತಪ್ಪನ್ನು ಮಗುವೇ ಹಿಡಿಯಲು ಬಿಡಿ.

ಎಂಟು ಪುಟದ ಪುಸ್ತಕ

ಬಿಡಿ ಹಾಳೆಗಿಂತ ಪುಸ್ತಕ ಎಂದರೆ ಮಕ್ಕಳಿಗೆ ಹಿಗ್ಗು. ಒಂದು ಎ4 ಹಾಳೆ ಸಾಕು, ಹೊಲಿಗೆ ಬೇಡ, ಅಂಟು ಬೇಡ. ಹಾಳೆಯನ್ನು ಉದ್ದಕ್ಕೆ ಅರ್ಧ ಮಡಚಿ ಬಿಚ್ಚಿ. ಅಡ್ಡಕ್ಕೆ ಅರ್ಧ ಮಡಚಿ ಬಿಚ್ಚಿ. ಈಗ ಎಡ-ಬಲದ ಗಿಡ್ಡ ಅಂಚುಗಳನ್ನು ನಡುಗೆರೆಗೆ ತಂದು ಮಡಚಿ ಬಿಚ್ಚಿದರೆ ಎಂಟು ಮನೆ ಮೂಡುತ್ತವೆ. ಮತ್ತೆ ಅಡ್ಡಕ್ಕೆ ಅರ್ಧ ಮಡಚಿಟ್ಟು, ಮಡಿಕೆಯ ಕಡೆಯಿಂದ ನಡುವಿನ ಗೆರೆಗುಂಟ ಮುಂದಿನ ಗೆರೆ ಸಿಗುವವರೆಗೆ ಮಾತ್ರ ಕತ್ತರಿಸಿ. ಬಿಚ್ಚಿದರೆ ಹಾಳೆಯ ನಟ್ಟನಡುವೆ ಒಂದು ಸೀಳು ಕಾಣುತ್ತದೆ. ಉದ್ದಕ್ಕೆ ಮಡಚಿ, ಎರಡೂ ತುದಿ ಹಿಡಿದು ಒಳಕ್ಕೆ ಒತ್ತಿದರೆ ಸೀಳು ಅಗಲವಾಗಿ ಅಧಿಕಚಿಹ್ನೆಯ ಆಕಾರ ಬರುತ್ತದೆ. ಅದನ್ನು ಸುತ್ತಿ ಮಡಚಿದರೆ ಮುಖಪುಟ ಸೇರಿ ಎಂಟು ಪುಟದ ಪುಸ್ತಕ. ಮುಖಪುಟದ ಮೇಲೆ ಬರೆದವರ ಹೆಸರು ಕಡ್ಡಾಯ. ಬೆಲೆಯನ್ನೂ ಮಗುವೇ ಹಾಕಲಿ, ಹಾಕಿದಷ್ಟು ಕೊಟ್ಟು ಕೊಳ್ಳಿ.

ಏನು ಬರೆಯುವುದು ಎಂದರೆ ಪ್ರಬಂಧದ ವಿಷಯ ಕೊಡಬೇಡಿ, ಕೆಲಸ ಕೊಡಿ. ಸಂತೆಯ ಚೀಟಿ. ಮನೆಯಿಂದ ಶಾಲೆಯವರೆಗಿನ ನಕಾಶೆ, ಅದರಲ್ಲಿ ಮಿರ್ಚಿ ಗಾಡಿ, ನಾಯಿ ಮಲಗುವ ಕಟ್ಟೆ ಎಲ್ಲ ಇರಬೇಕು. ತಮ್ಮನ ಮೇಲೆ ತಕರಾರು ಅರ್ಜಿ. ಪಂಚಮಿಗೆ ಊರಿಗೆ ಹೋದಾಗ ಜೋಕಾಲಿ ಕಟ್ಟಿದ್ದು ಯಾರು, ಬಿದ್ದದ್ದು ಯಾರು. ಹುಬ್ಬಳ್ಳಿಯ ರೈಲು ನಿಲ್ದಾಣದ 1,507 ಮೀಟರಿನ ಪ್ಲಾಟ್‌ಫಾರ್ಮ್ ನೋಡಿಬಂದ ಹುಡುಗನಿಗೆ ಸಣ್ಣ ಹಾಳೆ ಸಾಲುವುದೇ ಇಲ್ಲ. ಹಾಳೆಗೆ ಹಾಳೆ ಅಂಟಿಸಿಕೊಡಿ, ಪಡಸಾಲೆಯ ಉದ್ದಕ್ಕೂ ಪ್ಲಾಟ್‌ಫಾರ್ಮ್ ಬರಲಿ.

ಒಂಬತ್ತು-ಹತ್ತರ ಕಂಟಕ

ಈ ವಯಸ್ಸಿಗೆ ಬಂದ ಮಕ್ಕಳು ತಮ್ಮ ಚಿತ್ರವನ್ನು ನಿಜದ ವಸ್ತುವಿನ ಜೊತೆ ಹೋಲಿಸಿ, 'ನನಗ ಚಿತ್ರಾ ಬರಂಗಿಲ್ಲ' ಎಂದು ಪೆನ್ಸಿಲ್ ಇಟ್ಟುಬಿಡುತ್ತಾರೆ. ಆಗ ಹುಸಿ ಸಮಾಧಾನ ನಡೆಯುವುದಿಲ್ಲ. ನೋಡುವುದನ್ನು ಕಲಿಸಬೇಕು. ಚಪ್ಪಲಿ, ಕುಟ್ಟಾಣಿ, ಬಿಂದಿಗೆ ಎದುರಿಗಿಟ್ಟು ಹಾಳೆಯ ಕಡೆ ನೋಡದೆ ಅಂಚಿನ ಗೆರೆ ಎಳೆಯುವ ಆಟ ಆಡಿ. ಎಲ್ಲರದೂ ಸೊಟ್ಟ ಬರುತ್ತದೆ, ನಗು ಬರುತ್ತದೆ, ಕೈ ಸಡಿಲಾಗುತ್ತದೆ. ರಜೆಯಲ್ಲಿ ಲಕ್ಕುಂಡಿಗೆ ಹೋದರೆ ಸೆಲ್ಫಿ ಮುಗಿಸಿ ಒಂದು ಕಂಬದ ಮುಂದೆ ಅರ್ಧ ತಾಸು ಕೂರಿಸಿ. ಇಡೀ ಗುಡಿ ಬೇಡ, ಒಂದು ಬಳ್ಳಿ ಸಾಕು. ಶಿಗ್ಗಾವಿಯ ಹತ್ತಿರ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಅಲ್ಲಿ ದನ, ಒಕ್ಕಲುತನ, ಮನೆಗೆಲಸ ಎಲ್ಲ ಆಳೆತ್ತರದ ಶಿಲ್ಪಗಳಾಗಿ ನಿಂತಿರುವುದರಿಂದ, ತಮ್ಮ ಊರೂ ಚಿತ್ರದ ವಸ್ತು ಎಂಬುದು ಯಾರೂ ಹೇಳದೆ ಮಕ್ಕಳಿಗೆ ತಿಳಿಯುತ್ತದೆ. ಇನ್ನೂ ಹಿಂಜರಿಯುವವರಿಗೆ ಕಡ್ಡಿ ಮನುಷ್ಯರ ಚಿತ್ರಕತೆ ಹಾಕಲು ಹೇಳಿ. ಮಾತಿನ ಗುಳ್ಳೆಯೊಳಗೆ ಜಗಳ ಬರೆಯುವುದು ಆ ವಯಸ್ಸಿಗೆ ಹೇಳಿಸಿದ ಕೆಲಸ.

ಸ್ಪರ್ಧೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಗುವಿಗೆ ಮನಸ್ಸಿದ್ದರೆ ಹೋಗಲಿ. ಬಹುಮಾನಕ್ಕಾಗಿ ಅದೇ ಗಣಪತಿಯನ್ನು ತಿಂಗಳುಗಟ್ಟಲೆ ತಿದ್ದಿಸುವುದು ಬೇಡ.

ಚಿತ್ರ ಕಪ್ಪಾದರೆ

ಒಂದು ಚಿತ್ರ ಪೂರ್ತಿ ಕಪ್ಪಾಗಿದ್ದರೆ ಗಾಬರಿ ಬೇಡ. ಕೈಗೆ ಸಿಕ್ಕ ಕಡ್ಡಿ ಕಪ್ಪಿದ್ದಿರಬಹುದು. ಆದರೆ ಹೆದರಿಕೆಯ, ಹೊಡೆತದ ಚಿತ್ರ ಮತ್ತೆ ಮತ್ತೆ ಬರುತ್ತಾ, ಜೊತೆಗೆ ನಿದ್ದೆ, ಊಟ, ಶಾಲೆಗೆ ಹೋಗುವ ಉಮೇದು ಕೆಟ್ಟಿದ್ದರೆ ಚಿತ್ರದ ಅರ್ಥ ಹೇಳಲು ನಾವು ಕೂರಬಾರದು. ಮಗುವಿನ ಮಾತು ಕೇಳಿ, ಬೈಯದೆ ಕೇಳಿ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಂಥ ಕಡೆ ತಜ್ಞರಿಗೆ ತೋರಿಸಿ. ಮಗುವಿಗೆ ಯಾರಿಂದಲಾದರೂ ತೊಂದರೆ ಎಂದು ಗೊತ್ತಾದರೆ ಮಕ್ಕಳ ಸಹಾಯವಾಣಿ 1098.

ಇಡುವುದು, ತೋರಿಸುವುದು

ಅಡುಗೆಮನೆಯ ಗೋಡೆಗೊಂದು ಹಗ್ಗ ಕಟ್ಟಿ, ಅರಿವೆ ಒಣಹಾಕುವ ಚಿಮಟಿಯಲ್ಲಿ ಚಿತ್ರ ಸಿಕ್ಕಿಸಿ. ಯಾವುದು ಮೇಲಿರಬೇಕು, ಯಾವುದು ಇಳಿಯಬೇಕು ಎಂಬುದು ಮಗುವಿನ ತೀರ್ಮಾನ. ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವ ಮೊದಲೂ ಕೇಳಿ. ಬೇಡ ಅಂದರೆ ಬೇಡ. ದೊಡ್ಡ ಮಕ್ಕಳ ಡೈರಿಯನ್ನು ಕದ್ದು ಓದಬೇಡಿ. ಒಮ್ಮೆ ಓದಿ ಸಿಕ್ಕಿಬಿದ್ದರೆ ಆ ಮನೆಯಲ್ಲಿ ಡೈರಿ ನಿಂತಂತೆಯೇ. ಪ್ರತಿ ಹಾಳೆಯ ಹಿಂದೆ ತಾರೀಖು, ಮಗುವಿನ ವಯಸ್ಸು ಬರೆದಿಡಿ. ಎಲ್ಲವನ್ನೂ ಇಟ್ಟುಕೊಳ್ಳಲು ಆಗುವುದಿಲ್ಲ, ತಿಂಗಳಿಗೊಮ್ಮೆ ಮಗುವನ್ನೇ ಕೂರಿಸಿಕೊಂಡು ಆರಿಸಿ, ಉಳಿದದ್ದು ರದ್ದಿಗೆ. ಧಾರವಾಡದ ಮಳೆಗಾಲದಲ್ಲಿ ಹಾಳೆ ಥಂಡಿ ಹಿಡಿದು ಬೂಸ್ಟು ಬರುತ್ತದೆ, ಆದ್ದರಿಂದ ನೆಲಕ್ಕೆ ತಾಗಿದ ಕಪಾಟು ಬೇಡ; ಟ್ರಂಕಿನಲ್ಲಿ ಒಣ ಬೇವಿನ ಸೊಪ್ಪಿನ ಜೊತೆ ಇಡಿ. ಪೆನ್ಸಿಲ್ಲಿನ ಗೆರೆ ವರ್ಷಗಟ್ಟಲೆ ನಿಲ್ಲುತ್ತದೆ. ಸ್ಕೆಚ್ ಪೆನ್ನಿನ ಬಣ್ಣ, ಬೀಟ್‌ರೂಟಿನ ಬಣ್ಣ ಮಾಸುತ್ತವೆ, ಅಂಥವನ್ನು ತೆಗೆದ ದಿನವೇ ಮೊಬೈಲಿನಲ್ಲಿ ಫೋಟೊ ಹಿಡಿದಿಟ್ಟುಕೊಳ್ಳಿ.