ವಿಕಿಯಲ್ಲಿ ಸೊನ್ನೆ–ಅನುಸ್ವಾರದ ಗೊಂದಲ

ಕನ್ನಡ ವಿಕಿಪೀಡಿಯ, ಪುಸ್ತಕಗಳ ಪಠ್ಯ ಇಡುವ ವಿಕಿಸೋರ್ಸ್‌ನಲ್ಲಿ ತಿದ್ದುವವರು, ಒಂದೇ ತರಹದ ತಪ್ಪನ್ನು ಹಲವು ಪುಟಗಳಲ್ಲಿ ಬೇಗ ತಿದ್ದಲು ನೆರವಾಗುವ ತಂತ್ರಾಂಶ ಆಟೋವಿಕಿಬ್ರೌಸರ್‌ಗೆ ಈ ನಿಯಮ ಸೇರಿಸಿಕೊಳ್ಳಿ: ಅಕ್ಷರ ಆದ ಮೇಲೆಯೇ ಕನ್ನಡ ಸೊನ್ನೆ (೦) ಬಂದರೆ ಅದನ್ನು ಅನುಸ್ವಾರ (ಂ) ಮಾಡು, ಅಂಕಿ ಆದ ಮೇಲೆ ಬಂದರೆ ಮುಟ್ಟಬೇಡ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ‘ಬೆಂಗಳೂರು’ ಅಂತ ಸರಿಯಾಗಿ ಹುಡುಕಿದರೆ ಸೊನ್ನೆ ಹಾಕಿದ ‘ಬೆ೦ಗಳೂರು’ ಸಿಗುವುದೇ ಇಲ್ಲ! ಸ್ಕ್ಯಾನ್ ಮಾಡಿದ ಹಳೆ ಪುಸ್ತಕಗಳಲ್ಲಂತೂ ಇದರ ಕಾಟ ಜಾಸ್ತಿ. ಆದರೆ ಚಿತ್ರದ ಕಡತದ ಹೆಸರಲ್ಲೇ ಸೊನ್ನೆ ಇದ್ದರೆ ತಿದ್ದಿದ ಕೂಡಲೇ ಚಿತ್ರ ಮಾಯ. ಪುಟದ ಕೊಂಡಿಗಳೂ ಹಾಗೇ ಮುರಿಯುತ್ತವೆ. ‘ಎ೦೫’ ತರಹದ ಸಂಖ್ಯೆಗಳೂ ಕೆಡುತ್ತವೆ. ಅದಕ್ಕೇ ಸುಮ್ನೆ ತಾನಾಗೇ ತಿದ್ದುವ ಬಾಟ್‌ಗೆ ಬಿಡಬೇಡಿ, ಉಳಿಸುವ ಮೊದಲು ಯಾರಾದರೂ ಒಬ್ಬರು ವ್ಯತ್ಯಾಸ ನೋಡಲಿ. ‘೧೯೫ಂ’ ಅಂತ ಉಲ್ಟಾ ಆಗಿರುವುದಕ್ಕೆ ಬೇರೆ ನಿಯಮ ಬೇಕು.