ಸಣ್ಣ ಟೆಲಿಸ್ಕೋಪಿಗೆ ಮೊಬೈಲ್ ಜೋಡಿಸಿ ಚಂದ್ರನ ಚಿತ್ರ ತೆಗೆಯುವುದು ಹೇಗೆ?

ವಿಜಯಪುರದಲ್ಲಿ ನನ್ನ ಪರಿಚಯದವರ ಪೈಕಿ ಟೆಲಿಸ್ಕೋಪ್ ಕೊಂಡವರು ಹಲವರಿದ್ದಾರೆ. ಅವರಲ್ಲಿ ಹೆಚ್ಚಿನವರು ಹುಣ್ಣಿಮೆಯ ರಾತ್ರಿ ಅದನ್ನು ಮಾಳಿಗೆಯ ಮೇಲೆ ನಿಲ್ಲಿಸಿ, ಒಂದು ಕೈಯಲ್ಲಿ ಮೊಬೈಲನ್ನು ಐಪೀಸಿಗೆ, ಅಂದರೆ ಕಣ್ಣಿಟ್ಟು ನೋಡುವ ಮಸೂರಕ್ಕೆ, ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಗುಂಡಿ ಒತ್ತಿ, ಕಡೆಗೆ ಬಿಳಿಯ ಮಸುಕು ಉಂಡೆಯೊಂದನ್ನು ಮಾತ್ರ ಪಡೆದು ಬೇಸತ್ತಿದ್ದಾರೆ. ತಿಂಗಳೊಳಗೆ ಟೆಲಿಸ್ಕೋಪ್ ಅಟ್ಟ ಸೇರುತ್ತದೆ. ಬಹುಪಾಲು ಸಂದರ್ಭಗಳಲ್ಲಿ ದೋಷ ಉಪಕರಣದ್ದಲ್ಲ. ತಿಥಿಯ ಆಯ್ಕೆ, ಮೊಬೈಲಿನ ಜೋಡಣೆ ಮತ್ತು ಫೋಕಸ್, ಈ ಮೂರರಲ್ಲಿಯೇ ಕೆಲಸ ಕೆಡುತ್ತದೆ.

ಇನ್ನೂ ಕೊಳ್ಳದವರಿಗೆ 70 ಮಿ.ಮೀ. ಮಸೂರದ ಅಥವಾ 114ರಿಂದ 130 ಮಿ.ಮೀ. ಕನ್ನಡಿಯ ಟೆಲಿಸ್ಕೋಪ್ ಸಾಕು. ಪೆಟ್ಟಿಗೆಯ ಮೇಲೆ ‘525 ಪಟ್ಟು’ ಎಂದು ದೊಡ್ಡದಾಗಿ ಮುದ್ರಿಸಿದ್ದರೆ ಅದನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿ. ಟೆಲಿಸ್ಕೋಪಿನ ನಾಭಿದೂರವನ್ನು ಐಪೀಸಿನ ನಾಭಿದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ, 700 ಮಿ.ಮೀ. ನಾಭಿದೂರದ ಕೊಳವೆಗೆ 25 ಮಿ.ಮೀ. ಐಪೀಸ್ ಹಾಕಿದರೆ 28 ಪಟ್ಟು. ಮಸೂರದ ವ್ಯಾಸ ಎಷ್ಟು ಮಿ.ಮೀ. ಇದೆಯೋ ಅದರ ಎರಡರಷ್ಟು, ಅಂದರೆ 70 ಮಿ.ಮೀ. ಮಸೂರಕ್ಕೆ ಸುಮಾರು 140 ಪಟ್ಟು ದಾಟಿದರೆ ಬಿಂಬ ದೊಡ್ಡದಾಗುತ್ತದೆಯೇ ಹೊರತು ಹೊಸ ವಿವರವೇನೂ ಕಾಣುವುದಿಲ್ಲ. ಐಪೀಸಿಗೆ ತಿರುಗಿಸಿ ಕೂಡಿಸುವ ಸಣ್ಣ ಸೌರ ಫಿಲ್ಟರ್ ಪೆಟ್ಟಿಗೆಯಲ್ಲಿದ್ದರೆ ಅದನ್ನು ಕೂಡಲೇ ಎಸೆಯಿರಿ. ಕೊಳವೆಯ ಒಳಗೆ ಕೇಂದ್ರೀಕೃತವಾದ ಬಿಸಿಲಿಗೆ ಅದು ಒಡೆದರೆ ಕಣ್ಣು ಶಾಶ್ವತವಾಗಿ ಹೋಗುತ್ತದೆ.

ಚಿತ್ರಕ್ಕೆ ಹುಣ್ಣಿಮೆ ಬೇಡ. ಅಂದು ಸೂರ್ಯನ ಬೆಳಕು ಚಂದ್ರನ ಮೇಲೆ ನೇರವಾಗಿ ಬೀಳುವುದರಿಂದ ನೆರಳುಗಳಿರುವುದಿಲ್ಲ. ನೆರಳಿಲ್ಲದೆ ಕುಳಿಗಳ ಆಳ ಕಾಣುವುದಿಲ್ಲ. ಪಂಚಾಂಗ ನೋಡಿ ಶುಕ್ಲ ಪಕ್ಷದ ಪಂಚಮಿಯಿಂದ ದಶಮಿಯವರೆಗಿನ ಸಂಜೆಗಳನ್ನು ಆರಿಸಿಕೊಳ್ಳಿ. ನನ್ನ ಆಯ್ಕೆ ಯಾವಾಗಲೂ ಅಷ್ಟಮಿ. ಅಂದು ಕತ್ತಲಾಗುವ ಹೊತ್ತಿಗೆ ಚಂದ್ರ ಆಕಾಶದಲ್ಲಿ ಎತ್ತರದಲ್ಲಿರುತ್ತಾನೆ. ಬೆಳಕು ಮತ್ತು ಕತ್ತಲೆ ಸೇರುವ ಗಡಿಯ ಆಸುಪಾಸಿನಲ್ಲಿ ಟಾಲೆಮಿಯಸ್, ಅಲ್ಫಾನ್ಸಸ್, ಅರ್ಜಾಚೆಲ್ ಎಂಬ ಮೂರು ಕುಳಿಗಳು ಸಾಲಾಗಿ ಕಾಣಿಸುತ್ತವೆ.

ನಮ್ಮ ಭಾಗದಲ್ಲಿ ನವೆಂಬರಿನಿಂದ ಫೆಬ್ರುವರಿವರೆಗಿನ ಆಕಾಶ ಉತ್ತಮ. ಆದರೆ ಹಗಲೆಲ್ಲ ಕಾದ ಕಾಂಕ್ರೀಟ್ ಮಾಳಿಗೆ ರಾತ್ರಿ ಬಹಳ ಹೊತ್ತು ಶಾಖವನ್ನು ಬಿಡುತ್ತಲೇ ಇರುವುದರಿಂದ, ಚಂದ್ರನ ಅಂಚು ಹರಿಯುವ ನೀರಿನ ತಳದಲ್ಲಿದ್ದಂತೆ ಅಲುಗುತ್ತದೆ. ಅಂಗಳ ಅಥವಾ ಎರೆಹೊಲದ ಬದು ಇದಕ್ಕಿಂತ ಒಳ್ಳೆಯದು. ಟೆಲಿಸ್ಕೋಪನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ. ಹಿಂಗಾರಿ ಜೋಳವನ್ನು ಬೆಳೆಸುವ ಇಬ್ಬನಿಯೇ ಮಸೂರದ ಮೇಲೂ ಕೂರುತ್ತದೆ. ಅದನ್ನು ಶಾಲಿನ ತುದಿಯಿಂದ ಒರೆಸಿದರೆ ಎರೆಮಣ್ಣಿನ ಧೂಳು ಮಸೂರದ ಲೇಪವನ್ನು ಗೀರುತ್ತದೆ. ಕಪ್ಪು ಡ್ರಾಯಿಂಗ್ ಹಾಳೆಯನ್ನು ಸುರುಳಿ ಸುತ್ತಿ ಕೊಳವೆಯ ಬಾಯಿಗೆ ಒಂದು ಗೇಣು ಮುಂದಕ್ಕೆ ಚಾಚುವಂತೆ ಕಟ್ಟಿದರೆ ಇಬ್ಬನಿ ಬೇಗ ಕೂರುವುದಿಲ್ಲ.

ಜೋಡಣೆಯನ್ನು ಹಗಲಿನಲ್ಲಿಯೇ ಮುಗಿಸಬೇಕು. ಸಂಜೆ ಐದರ ಸುಮಾರಿಗೆ ಸೂರ್ಯನಿಗೆ ಬೆನ್ನು ಮಾಡಿ, ಪೂರ್ವದ ಕಡೆ ದೂರದಲ್ಲಿರುವ ವಸ್ತುವೊಂದನ್ನು ಆರಿಸಿ. ಊರಿನ ಪಶ್ಚಿಮ ಭಾಗದಲ್ಲಿರುವವರಿಗೆ ಗೋಳಗುಮ್ಮಟದ ತುದಿ ಒಳ್ಳೆಯ ಗುರಿ; ಬೇರೆ ಊರಿನವರಿಗೆ ನೀರಿನ ಟಾಕಿಯಾದರೂ ಆದೀತು. ಅದನ್ನು ದೊಡ್ಡ ಕೊಳವೆಯಲ್ಲಿ ನಡುವಿಗೆ ತಂದು, ಅದೇ ತುದಿ ಫೈಂಡರಿನ (ಗುರಿ ಹುಡುಕಲು ಕೊಳವೆಯ ಮೇಲಿರುವ ಸಣ್ಣ ದರ್ಶಕದ) ನಡುವಿಗೂ ಬರುವಂತೆ ಫೈಂಡರಿನ ಸ್ಕ್ರೂಗಳನ್ನು ತಿರುಗಿಸಿ. ಬಿಂಬ ತಲೆಕೆಳಗಾಗಿ ಕಂಡರೆ ಗಾಬರಿ ಬೇಡ.

ನಂತರ ಮೊಬೈಲ್ ಹೋಲ್ಡರ್. ಸ್ಪ್ರಿಂಗಿನ ಅಗ್ಗದ ಪ್ಲಾಸ್ಟಿಕ್ ಹೋಲ್ಡರುಗಳು ಹತ್ತು ನಿಮಿಷದಲ್ಲಿ ಜಾರುತ್ತವೆ. ಎಡಬಲಕ್ಕೂ ಮೇಲೆ ಕೆಳಕ್ಕೂ ಬೇರೆ ಬೇರೆ ಸ್ಕ್ರೂಗಳಿರುವುದನ್ನೇ ಕೊಳ್ಳಿ. ಇದರಲ್ಲಿ ಉಳಿತಾಯ ಮಾಡಬೇಡಿ. ಮೊಬೈಲಿನ ಕವರ್ ತೆಗೆದು, ಕ್ಯಾಮೆರಾದ ಜೂಮನ್ನು 1x ಗೆ ಇಟ್ಟು, ಹಿಂದಿನ ಮಸೂರಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚಿದರೆ ಕೆಲಸ ಮಾಡುತ್ತಿರುವ ಮಸೂರ ಯಾವುದೆಂದು ತಿಳಿಯುತ್ತದೆ. ಉಳಿದವುಗಳಿಗೆ ಕಪ್ಪು ಟೇಪ್ ಅಂಟಿಸಿ, ಏಕೆಂದರೆ ಎಷ್ಟೋ ಮೊಬೈಲುಗಳು ಕತ್ತಲಲ್ಲಿ ಅಥವಾ ಜೂಮ್ ಮಾಡಿದಾಗ ತಾವಾಗಿಯೇ ಮಸೂರ ಬದಲಿಸುತ್ತವೆ. 25 ಮಿ.ಮೀ. ಐಪೀಸಿಗೆ ಹೋಲ್ಡರ್ ಬಿಗಿದರೆ ಪರದೆಯ ಮೇಲೆ ಬೆಳಕಿನ ವೃತ್ತವೊಂದು ಮೂಡುತ್ತದೆ. ಅದರ ಒಂದು ಬದಿಗೆ ಕಪ್ಪು ಬಾಗು ಕಂಡರೆ ಮಸೂರ ನಡುವಿನಲ್ಲಿ ಇಲ್ಲವೆಂದು ಅರ್ಥ. ಆ ಬಾಗು ಕರಗಿ ವೃತ್ತ ತುಂಬುವ ತನಕ ಸ್ಕ್ರೂಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಿ, ಬಿಗಿ ಮಾಡಿ, ರಾತ್ರಿಯವರೆಗೆ ಮುಟ್ಟದೆ ಬಿಡಿ.

ಇನ್ನು ಫೋಕಸ್. ಮೊದಲು ತಿಳಿಯಬೇಕಾದದ್ದು, ಕಣ್ಣಿಗೆ ಸ್ಪಷ್ಟವಾಗಿ ಕಂಡ ಜಾಗ ಮೊಬೈಲಿಗೂ ಸ್ಪಷ್ಟವಾಗಿರಬೇಕೆಂದಿಲ್ಲ. ಚಷ್ಮಾ ತೆಗೆದು ನೋಡುವವರಿಗಂತೂ ಎರಡರ ನಡುವೆ ಬಹಳ ಅಂತರವಿರುತ್ತದೆ. ಆದ್ದರಿಂದ ಕೊನೆಯ ಫೋಕಸನ್ನು ಪರದೆ ನೋಡಿಯೇ ಮಾಡಬೇಕು. ಚಂದ್ರನನ್ನು ನಡುವಿಗೆ ತನ್ನಿ. ಮೊಬೈಲಿನ ಭಾರಕ್ಕೆ ಕೊಳವೆಯ ಹಿಂಭಾಗ ಇಳಿಯುತ್ತಿದ್ದರೆ ಮುಂಭಾಗಕ್ಕೆ ಉಸುಕಿನ ಸಣ್ಣ ಚೀಲವೊಂದನ್ನು ಕಟ್ಟಿ. ಪರದೆಯಲ್ಲಿ ಬೆಳಕು ಮತ್ತು ಕತ್ತಲೆಯ ಗಡಿಯ ಮೇಲೆ ಬೆರಳನ್ನು ಒತ್ತಿ ಹಿಡಿದು ಮೊಬೈಲಿನ ಸ್ವಯಂ ಫೋಕಸನ್ನು ಲಾಕ್ ಮಾಡಿ, ಚಂದ್ರನ ಪ್ರಕಾಶಮಾನ ಭಾಗ ಸುಣ್ಣ ಬಳಿದಂತೆ ಕಾಣದಷ್ಟು ಬೆಳಕನ್ನು ಇಳಿಸಿ. ಎಲ್ಲವನ್ನೂ ಕೈಯಾರೆ ಹೊಂದಿಸುವ ಪ್ರೊ ಮೋಡ್ ಕ್ಯಾಮೆರಾದಲ್ಲಿ ಇದ್ದರೆ ಐಎಸ್‌ಒ 100, ಶಟರ್ 1/125 ಸೆಕೆಂಡಿನಿಂದ ಆರಂಭಿಸಿ.

ಈಗ ಟೆಲಿಸ್ಕೋಪಿನ ಫೋಕಸ್ ಗುಂಡಿಯನ್ನು ನಿಧಾನವಾಗಿ ತಿರುಗಿಸಿ, ಚಂದ್ರನ ದುಂಡು ಅಂಚನ್ನಲ್ಲ, ಗಡಿಯ ಮೇಲಿನ ಕುಳಿಗಳನ್ನೇ ನೋಡುತ್ತಿರಿ. ಬಿಂಬ ಚುರುಕಾಗುತ್ತದೆ, ಮತ್ತೆ ಮಂಕಾಗುತ್ತದೆ. ಮಂಕಾದ ಮೇಲೂ ತುಸು ಮುಂದೆ ಹೋಗಿಯೇ ಹಿಂದಿರುಗಬೇಕು. ಚುರುಕಾದಂತೆ ಕಂಡ ಕೂಡಲೇ ಕೈಬಿಡುವುದೇ ಎಲ್ಲರೂ ಮಾಡುವ ತಪ್ಪು. ಹೀಗೆ ಮೂರು ನಾಲ್ಕು ಬಾರಿ ಆಚೆ ಈಚೆ ಹೋದರೆ ನಡುವಿನ ಸರಿಯಾದ ಜಾಗ ಬೆರಳಿಗೆ ಗೊತ್ತಾಗುತ್ತದೆ. ಪ್ರತಿ ಸಲವೂ ಗುಂಡಿಯಿಂದ ಕೈ ತೆಗೆದು, ಅಲುಗಾಟ ನಿಲ್ಲುವಂತೆ ನಾಲ್ಕೈದು ಸೆಕೆಂಡು ಕಾದ ನಂತರವೇ ತೀರ್ಮಾನಿಸಿ. ಟಾಲೆಮಿಯಸ್ ಕುಳಿಯ ಏರಿಯ ಬಿಳಿ ಗೆರೆ ಮತ್ತು ಅದರ ಒಳಗಿನ ಕಪ್ಪು ನೆರಳು ಚಾಕುವಿನಿಂದ ಕೊಯ್ದಂತೆ ಬೇರೆಯಾಗಿ ಕಂಡರೆ ಫೋಕಸ್ ಸರಿಯಾಗಿದೆ. ಅವೆರಡರ ನಡುವೆ ಬೂದು ಪಟ್ಟಿ ಉಳಿದಿದ್ದರೆ ಇನ್ನೂ ಆಗಿಲ್ಲ. ರಾತ್ರಿ ತಂಪಾದಂತೆ ಕೊಳವೆ ಕುಗ್ಗುವುದರಿಂದ ಅರ್ಧ ಗಂಟೆಗೊಮ್ಮೆ ಮತ್ತೆ ಪರೀಕ್ಷಿಸಿ.

ಚಿತ್ರ ತೆಗೆಯುವಾಗ ಮೂರು ಸೆಕೆಂಡಿನ ಟೈಮರ್ ಇಡಿ. ಭೂಮಿಯ ತಿರುಗುವಿಕೆಯಿಂದ ಚಂದ್ರ ಸುಮಾರು ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ಸರಿಯುತ್ತಾನೆ. ಆದ್ದರಿಂದ ಅವನನ್ನು ಪರದೆಯ ಒಂದು ಅಂಚಿನಲ್ಲಿಟ್ಟು, ನಡುವಿಗೆ ಬಂದಾಗ ಒತ್ತಿ. ಚಂದ್ರನನ್ನು ಗುರುತಿಸಿ ತಾನೇ ವಿವರ ತುಂಬುವ ಸೌಲಭ್ಯ ಮೊಬೈಲಿನಲ್ಲಿದ್ದರೆ ಅದನ್ನು ಕಡ್ಡಾಯವಾಗಿ ಆಫ್ ಮಾಡಿ. ಹಾಗೆ ಬಂದ ಕುಳಿಗಳು ನಿಮ್ಮ ಮಸೂರ ಕಂಡ ಕುಳಿಗಳಲ್ಲ.

ಒಂದು ನಿಮಿಷದ ವಿಡಿಯೊ ತೆಗೆದು, ಉಚಿತವಾಗಿ ಸಿಗುವ ಆಟೋಸ್ಟ್ಯಾಕರ್ಟ್ ತಂತ್ರಾಂಶದಲ್ಲಿ ಉತ್ತಮ ಚೌಕಟ್ಟುಗಳನ್ನು ಒಂದುಗೂಡಿಸಿದರೆ ಗಾಳಿಯ ಅಲುಗಾಟ ಬಹಳಷ್ಟು ಕಡಿಮೆಯಾಗುತ್ತದೆ. ಗುರುಗ್ರಹಕ್ಕೂ ಇದೇ ಕ್ರಮ. ಅದು ಹತ್ತು ಗಂಟೆಗಿಂತ ಕಡಿಮೆ ಅವಧಿಯಲ್ಲಿ ಒಂದು ಸುತ್ತು ತಿರುಗುವುದರಿಂದ ವಿಡಿಯೊವನ್ನು ಎರಡು ನಿಮಿಷದೊಳಗೆ ಮುಗಿಸಿ.

ನೀಹಾರಿಕೆಗಳ ಚಿತ್ರಕ್ಕೆ ನಕ್ಷತ್ರಗಳ ಜತೆ ತಿರುಗುವ ಇಕ್ವಟೋರಿಯಲ್ ಮೌಂಟ್ (ಟೆಲಿಸ್ಕೋಪನ್ನು ಹೊರುವ ಆಧಾರ) ಮತ್ತು ಅದಕ್ಕೆ ಮೋಟಾರು ಬೇಕು. ಅದರ ಅಕ್ಷಾಂಶದ ಮಾಪಕವನ್ನು ವಿಜಯಪುರದವರು 17 ಡಿಗ್ರಿಗೆ, ಬಾಗಲಕೋಟೆ ಮತ್ತು ಬೆಳಗಾವಿಯವರು 16 ಡಿಗ್ರಿಗೆ ಇಡಬೇಕು. ಮೌಂಟಿನ ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ತಿರುಗಿಸಬೇಕು; ಅದು ನಮಗೆ ಅಷ್ಟೇ ಎತ್ತರದಲ್ಲಿ ಕಾಣುವುದರಿಂದ, ಉತ್ತರ ದಿಕ್ಕಿಗೆ ಮನೆಯಾಗಲಿ ಬೇವಿನ ಮರವಾಗಲಿ ಅಡ್ಡ ಬರದ ಜಾಗವನ್ನು ಹಗಲಿನಲ್ಲಿಯೇ ನೋಡಿ ಗುರುತು ಮಾಡಿಟ್ಟುಕೊಳ್ಳಿ.