ಗಾಳಿ ಸೋರುವುದು ಒಂದು ಕಡೆ, ಕೆಟ್ಟಿರುವುದು ಇನ್ನೊಂದು ಕಡೆ

ಅಂಕೋಲೆಯಲ್ಲಿ ಹುಬ್ಬಳ್ಳಿ ರಸ್ತೆ ಬಂದು ಹೆದ್ದಾರಿ 66ಕ್ಕೆ ಸೇರುತ್ತದೆ. ಅಲ್ಲೇ ಹತ್ತಿರ ನನ್ನ ಗ್ಯಾರೇಜ್. ಬಯಲಿನಲ್ಲಿ ಗೊತ್ತೇ ಆಗದ ಬ್ರೇಕ್ ತಕರಾರು ಅರಬೈಲ್ ಘಟ್ಟ ಇಳಿಯುವಾಗ ಗೊತ್ತಾಗುತ್ತದೆ. ಹಾಗಾಗಿ ಇಳಿದು ಬಂದ ಲಾರಿ, ಟ್ರೇಲರ್‌ಗಳು ಮೊದಲು ನಿಲ್ಲುವುದು ನಮ್ಮಂಥವರ ಮುಂದೆಯೇ. ಏರ್ ಬ್ರೇಕ್, ಅಂದರೆ ಒತ್ತಡದ ಗಾಳಿಯಿಂದ ನಡೆಯುವ ಬ್ರೇಕ್, ಅದರ ರಿಪೇರಿಯೇ ಈಗ ನನ್ನ ಮುಖ್ಯ ಕೆಲಸ.

ಈ ಕೆಲಸದಲ್ಲಿ ಗಾಡಿ ಮಾಲೀಕರ ದುಡ್ಡು ಸುಮ್ನೆ ಹಾಳಾಗುವುದು ಎಲ್ಲಿ ಅಂದರೆ, ಗಾಳಿ ಎಲ್ಲಿಂದ ಬರುತ್ತದೋ ಅಲ್ಲಿನ ಪಾರ್ಟ್ ಬದಲಿಸುವುದರಲ್ಲಿ. ಗಾಳಿ ಹೊರಗೆ ಬರುವ ಜಾಗವೇ ಕೆಟ್ಟಿರಬೇಕು ಅಂತೇನಿಲ್ಲ.

ಒಂದು ಮಳೆಗಾಲದಲ್ಲಿ ಸ್ಟೀಲ್ ಕಾಯಿಲ್ ಹೇರಿಕೊಂಡು ತೋರಣಗಲ್ಲು ಕಡೆಯಿಂದ ಬಂದ ಟ್ರೇಲರ್ ನಿಂತಿತು. ಡ್ರೈವರ್ ಇಳಿದವರೇ, "ರಿಲೇ ವಾಲ್ವ್ ಹೋಗೇತಿ ಅಂತ ದಾರ್‍ಯಾಗ ಹೊಸಾದು ಹಾಕ್ಸೇನ್ರೀ ಅಣ್ಣಾರ. ಆದ್ರೂ ಸೋರಾಕತ್ತೈತಿ" ಎಂದರು. ಬಗ್ಗಿ ನೋಡಿದೆ. ಪುಲ್ಲರ್‌ನ, ಅಂದರೆ ಟ್ರೇಲರ್ ಎಳೆಯುವ ಮುಂದಿನ ಗಾಡಿಯ, ಹಿಂದಿನ ಆಕ್ಸಲ್ ಮೇಲೆ ಫಳಫಳ ಹೊಳೆಯುವ ಹೊಸ ರಿಲೇ ವಾಲ್ವ್. ಪೆಡಲ್ ಒತ್ತಿದಾಗ ಹಿಂದಿನ ಚಕ್ರಗಳಿಗೆ ಗಾಳಿ ಕಳಿಸುವ, ಬಿಟ್ಟಾಗ ಹೊರಗೆ ಬಿಡುವ ವಾಲ್ವ್ ಅದು. ಅದರ ಕೆಳಗಿನ ಎಕ್ಸಾಸ್ಟ್ ತೂತಿನಿಂದ ಗಾಳಿ ಸುಯ್ಯೆಂದು ಬರುತ್ತಲೇ ಇತ್ತು.

ನಾನು ಸ್ಪ್ಯಾನರ್ ಮುಟ್ಟುವ ಮೊದಲು ಗೇಜ್ ನೋಡುತ್ತೇನೆ. ಸಮತಟ್ಟಿನ ಜಾಗದಲ್ಲಿ ಗಾಡಿ ನಿಲ್ಲಿಸಿ, ಚಕ್ರಕ್ಕೆ ಎರಡೂ ಕಡೆ ಗುಟ್ಟ ಕೊಟ್ಟು, ಗಾಳಿ ಪೂರ್ತಿ ತುಂಬಿಸಬೇಕು. ಹೆಚ್ಚಿನ ಗಾಡಿಗಳಲ್ಲಿ 8 ಬಾರ್ (ಗಾಳಿಯ ಒತ್ತಡದ ಅಳತೆ) ಆಸುಪಾಸಿಗೆ ಡ್ರೈಯರ್, ಅಂದರೆ ಗಾಳಿಯ ತೇವ ತೆಗೆಯುವ ಡಬ್ಬಿ, 'ಪುಸ್' ಅಂದು ಗಾಳಿ ಬಿಡುತ್ತದೆ. ಆಮೇಲೆ ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟು, ಮುಳ್ಳು ನೋಡುತ್ತಾ ಕೂರುವುದು. ನಿಮಿಷಕ್ಕೆ 0.2 ಬಾರ್‌ಗಿಂತ ಜಾಸ್ತಿ ಇಳಿದರೆ ನಾನು ಹುಡುಕಲು ಶುರು ಮಾಡುತ್ತೇನೆ. ಮುಂದೆ ಇದನ್ನೇ ಹ್ಯಾಂಡ್ ಬ್ರೇಕ್ ಹಾಕಿ ನೋಡುವುದು, ಪೆಡಲ್ ಒತ್ತಿ ಹಿಡಿದು ನೋಡುವುದು. ಪೆಡಲ್ ಒತ್ತಿದಾಗ ಮಾತ್ರ ಇಳಿದರೆ ಕಾಲಿನ ಬ್ರೇಕಿನ ಲೈನಿನಲ್ಲಿ ಅಥವಾ ಚೇಂಬರಿನ (ಚಕ್ರದ ಹತ್ತಿರ ಗಾಳಿ ತುಂಬಿ ಬ್ರೇಕ್ ಒತ್ತುವ ಡಬ್ಬಿ) ರಬ್ಬರ್ ಡಯಾಫ್ರಾಮಿನಲ್ಲಿ ತೊಂದರೆ. ಪೆಡಲ್ ಒತ್ತದೆ, ಹ್ಯಾಂಡ್ ಬ್ರೇಕ್ ಹಾಕಿದರೂ ಬಿಟ್ಟರೂ ಇಳಿದರೆ ಟ್ಯಾಂಕ್, ಪೈಪ್, ವಾಲ್ವ್ ಕಡೆ ನೋಡಬೇಕು. ಅರ್ಧ ಹುಡುಕಾಟ ಇಲ್ಲೇ ಮುಗಿಯುತ್ತದೆ.

ಈ ಟ್ರೇಲರಿನಲ್ಲಿ ಹ್ಯಾಂಡ್ ಬ್ರೇಕ್ ಬಿಟ್ಟಾಗ ಸೋರುತ್ತಿತ್ತು. ಹ್ಯಾಂಡ್ ಬ್ರೇಕ್ ಹಾಕಿದ ಕೂಡಲೇ ನಿಂತುಹೋಯಿತು. ರಿಲೇ ವಾಲ್ವೇ ಕೆಟ್ಟಿದ್ದರೆ ಹ್ಯಾಂಡ್ ಬ್ರೇಕ್ ಹಾಕಿದರೂ ಬಿಟ್ಟರೂ ಸೋರಬೇಕಿತ್ತು, ಅಲ್ವಾ? ಹಿಂದಿನ ಚಕ್ರದ ಚೇಂಬರಿನಲ್ಲಿ ಎರಡು ಕೋಣೆ ಇರುತ್ತವೆ. ಒಂದು ಕಾಲಿನ ಬ್ರೇಕಿಗೆ, ಇನ್ನೊಂದರಲ್ಲಿ ಹ್ಯಾಂಡ್ ಬ್ರೇಕಿನ ದೊಡ್ಡ ಸ್ಪ್ರಿಂಗ್. ಹ್ಯಾಂಡ್ ಬ್ರೇಕ್ ಬಿಟ್ಟಾಗ ಸ್ಪ್ರಿಂಗ್ ಇರುವ ಕೋಣೆಗೆ ಗಾಳಿ ತುಂಬಿ, ಸ್ಪ್ರಿಂಗನ್ನು ಅದುಮಿ ಹಿಡಿಯುತ್ತದೆ. ಎರಡರ ನಡುವಿನ ಸೀಲ್ ಹೋದರೆ ಆ ಗಾಳಿ ಕಾಲಿನ ಬ್ರೇಕಿನ ಕೋಣೆಗೆ ನುಗ್ಗುತ್ತದೆ. ಅಲ್ಲಿಂದ ಕಾಲಿನ ಬ್ರೇಕಿನ ಹೋಸಿನಲ್ಲೇ ಹಿಂದಕ್ಕೆ ಬಂದು ರಿಲೇ ವಾಲ್ವಿನ ಎಕ್ಸಾಸ್ಟಿನಿಂದ ಹೊರಬೀಳುತ್ತದೆ. ರಿಲೇ ಪಾಪ, ದಾರಿ ಕೊಡುತ್ತಿದೆ ಅಷ್ಟೇ.

ಎಡವೋ ಬಲವೋ ತಿಳಿಯಲು ಕಾಲಿನ ಬ್ರೇಕಿನ ಹೋಸನ್ನು ಒಂದೊಂದೇ ಚೇಂಬರಿನಿಂದ ಬಿಚ್ಚಿ ಹ್ಯಾಂಡ್ ಬ್ರೇಕ್ ಬಿಟ್ಟು ನೋಡಿದೆ. ಎಡಗಡೆ ಚೇಂಬರಿನ ಬಾಯಲ್ಲಿ ಏನೂ ಇಲ್ಲ. ಬಲಗಡೆ ಬೆರಳು ಇಟ್ಟರೆ ಗಾಳಿ ಬೆರಳನ್ನೇ ತಳ್ಳುತ್ತಿತ್ತು. ಆ ಚೇಂಬರ್ ಬದಲಿಸಿದೆ, ಸೋರುವುದು ನಿಂತಿತು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಆ ಸ್ಪ್ರಿಂಗ್ ಪ್ರಾಣ ತೆಗೆಯುತ್ತದೆ. ಹಿಂದಿನ ತೂತಿಗೆ ರಿಲೀಸ್ ಬೋಲ್ಟ್ ಹಾಕಿ ನಟ್ ಬಿಗಿದು, ಸ್ಪ್ರಿಂಗ್ ಪೂರ್ತಿ ಹಿಂದಕ್ಕೆ ಬಂದಿದೆ ಅಂತ ಖಾತ್ರಿ ಆಗುವವರೆಗೆ ಚೇಂಬರ್ ಬಿಚ್ಚಬಾರದು. ಸ್ಪ್ರಿಂಗ್ ಕಡೆಯ ಕ್ಲಾಂಪನ್ನಂತೂ ಮುಟ್ಟಲೇಬಾರದು. ನಾನು ಆ ಭಾಗ ಬಿಚ್ಚಿ ರಿಪೇರಿ ಮಾಡುವುದಿಲ್ಲ, ಇಡೀ ಚೇಂಬರೇ ಬದಲು. ಕೆಲಸ ಕಲಿಯಲು ಬಂದ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ. ಇನ್ನೊಂದು, ರಿಲೀಸ್ ಬೋಲ್ಟ್ ತೂತಿನ ರಬ್ಬರ್ ಮುಚ್ಚಳ ಎಷ್ಟೋ ಗಾಡಿಗಳಲ್ಲಿ ಇರುವುದೇ ಇಲ್ಲ. ನಮ್ಮ ಕರಾವಳಿಯ ಮಳೆ, ಉಪ್ಪುಗಾಳಿ ಒಳಗೆ ಹೋದರೆ ಸ್ಪ್ರಿಂಗ್ ತುಕ್ಕು ಹಿಡಿದು ತುಂಡಾಗುತ್ತದೆ. ಸಣ್ಣ ಮುಚ್ಚಳ, ಹಾಕಿಕೊಳ್ಳಿ.

ಮಳೆಗಾಲದ ಇನ್ನೊಂದು ಕಾಟ ನೀರು. ಜೂನ್‌ನಿಂದ ಇಲ್ಲಿ ಗಾಳಿಯೇ ಒದ್ದೆ. ಕಂಪ್ರೆಸರ್ ಎಳೆದುಕೊಳ್ಳುವುದೂ ಅದೇ ಗಾಳಿ. ಡ್ರೈಯರಿನ ಕಾರ್ಟ್ರಿಜ್ ಹಳತಾಗಿದ್ದರೆ ನೀರು ನೇರ ಟ್ಯಾಂಕಿಗೆ ಇಳಿಯುತ್ತದೆ, ವಾಲ್ವ್‌ಗಳ ಒಳಗೆ ತುಕ್ಕು ಕಟ್ಟುತ್ತದೆ. ಟ್ಯಾಂಕಿನ ಡ್ರೈನ್ ಎಳೆದು, ಬಂದದ್ದನ್ನು ಅಂಗೈಯಲ್ಲಿ ಹಿಡಿದು ನೋಡಿ. ಬರೀ ನೀರು ಬಂದರೆ ಡ್ರೈಯರ್ ನೋಡಬೇಕು. ಎಣ್ಣೆ ಬೆರೆತು ಮಜ್ಜಿಗೆಯಂತೆ ಬಿಳಿಚಾಗಿ ಬಂದರೆ ಕಂಪ್ರೆಸರ್ ಎಣ್ಣೆ ಬಿಡುತ್ತಿದೆ, ರಿಂಗ್ ಸವೆದಿರಬಹುದು. ಆಗ ಕಾರ್ಟ್ರಿಜ್ ಮಾತ್ರ ಬದಲಿಸಿ ಪ್ರಯೋಜನ ಇಲ್ಲ. ಎಣ್ಣೆ ಕುಡಿದು ಹೊಸದೂ ಬೇಗ ಸಾಯುತ್ತದೆ.

ಪುಲ್ಲರ್‌ನ ಗಾಳಿ ಪೈಪ್‌ಗಳು ಟ್ರೇಲರಿಗೆ ಸೇರುವ ಕಪ್ಲಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಂಪು ಪೈಪಿನಲ್ಲಿ ಯಾವಾಗಲೂ ಗಾಳಿ, ಹಳದಿಯಲ್ಲಿ ಬ್ರೇಕ್ ಒತ್ತಿದಾಗ ಮಾತ್ರ. ಕೆಂಪಿನ ಗಾಳಿ ಹೋದರೆ ಟ್ರೇಲರ್ ಚಕ್ರ ತಾನಾಗಿ ಜಾಮ್ ಆಗುತ್ತದೆ. ಎಷ್ಟೋ ಸಲ ಕಪ್ಲಿಂಗಿನ ರಬ್ಬರ್ ವಾಷರ್ ಬದಲಿಸಿದರೆ ಸಾಕು.

ಘಟ್ಟದಲ್ಲಿ ಲೈನರ್ (ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ) ಸುಟ್ಟ ವಾಸನೆ ಬಂತು ಅಂತ ಬರುವವರೇ ಜಾಸ್ತಿ. ಆಗ ನಾನು ಎಲ್ಲಾ ಡ್ರಮ್‌ಗಳ ಹತ್ತಿರ ಕೈ ಒಡ್ಡಿ ಬಿಸಿ ನೋಡುತ್ತೇನೆ, ಮುಟ್ಟುವುದಿಲ್ಲ. ಎಲ್ಲವೂ ಒಂದೇ ಸಮ ಕಾದಿದ್ದರೆ ಗೇರ್ ಮತ್ತು ಎಕ್ಸಾಸ್ಟ್ ಬ್ರೇಕ್ (ಎಂಜಿನ್ನಿನ ಹೊಗೆ ತಡೆದು ವೇಗ ತಗ್ಗಿಸುವುದು) ಬಳಸದೆ ಪೆಡಲ್ ಮೇಲೆಯೇ ಇಳಿಸಿದ್ದಾರೆ ಅಂತ. ಒಂದೇ ಚಕ್ರ ಕಾದಿದ್ದರೆ ಅದು ಹಿಡಿದುಕೊಂಡಿದೆ. ಒಂದು ಮಾತ್ರ ತಣ್ಣಗಿದ್ದರೆ ನನಗೆ ಅದರದೇ ಚಿಂತೆ. ಅದು ಕೆಲಸವೇ ಮಾಡುತ್ತಿಲ್ಲ, ಉಳಿದವು ಅದರ ಭಾರ ಹೊತ್ತು ಇಳಿದಿವೆ.

ಲೈನರ್, ಡ್ರಮ್ ನಡುವಿನ ಸಂದು ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರನ್ನು ಬಿಸಿ ಡ್ರಮ್ ಮೇಲೆ ಟೈಟ್ ಮಾಡಬೇಡಿ. ಬಿಸಿಗೆ ಡ್ರಮ್ ಹಿಗ್ಗಿರುತ್ತದೆ. ತಣಿದು ಕುಗ್ಗಿದ ಮೇಲೆ ಲೈನರ್ ಉಜ್ಜುತ್ತದೆ, ಮತ್ತೆ ಕಾಯುತ್ತದೆ. ಡ್ರೈವರುಗಳಿಗೆ ಅವಸರ ಇರುತ್ತದೆ, ನಿಜ. ನಾನು ಚಾ ತರಿಸಿ ಕೂರಿಸುತ್ತೇನೆ. ತಾನೇ ಹೊಂದಿಸಿಕೊಳ್ಳುವ ಆಟೋ ಸ್ಲ್ಯಾಕ್ ಇದ್ದು ಮತ್ತೆ ಮತ್ತೆ ಲೂಸ್ ಆದರೆ ಕೈಯಿಂದ ತಿರುಗಿಸುತ್ತಾ ಹೋಗುವುದೂ ಸರಿಯಲ್ಲ. ಕ್ಯಾಮ್ ಬುಷ್, ಪುಷ್ ರಾಡಿನ ಪಿನ್ ಸವೆದಿದೆಯೇ ನೋಡಬೇಕು.

ಕೆಲಸ ಮುಗಿದ ಮೇಲೆ ಗಾಳಿ ತುಂಬಿಸಿ, ಎಂಜಿನ್ ಆಫ್ ಮಾಡಿ, ಇಗ್ನಿಷನ್ ಆನ್ ಇಟ್ಟು, ಡ್ರೈವರ್ ಕೈಯಲ್ಲೇ ಪೆಡಲ್ ಒತ್ತಿಸಿ ಬಿಡಿಸಿ ಗಾಳಿ ಖಾಲಿ ಮಾಡಿಸುತ್ತೇನೆ. 5 ಬಾರ್ ಸುಮಾರಿಗೆ ಗಾಳಿ ಕಡಿಮೆ ಎಂದು ಎಚ್ಚರಿಸುವ ಕೆಂಪು ದೀಪ, ಬಜರ್ ಬರಬೇಕು. ಕಿರಿಕಿರಿ ಅಂತ ಬಜರ್ ವೈರ್ ಕಿತ್ತಿಟ್ಟ ಗಾಡಿಗಳು ತುಂಬಾ ಬರುತ್ತವೆ. ನಾನು ಅದನ್ನು ಜೋಡಿಸಿ, ಬಜರ್ ಕೂಗಿದ್ದನ್ನು ಡ್ರೈವರ್ ಕೇಳಿದ ಮೇಲೆಯೇ ಗಾಡಿ ಬಿಡುವುದು.